ಎಡಚರಿಗೆ ಯಾವ ಕೋವಿ? ಕೇಪಿನ ಕೋವಿಯಿಂದ .315 ರೈಫಲಿನವರೆಗೆ

ಎಡಗೈಯಲ್ಲಿ ಕೆಲಸ ಮಾಡುವವರಿಗೆ ಹತ್ಯಾರ ಹೊಂದದ ತೊಂದರೆ ಹೊಸತಲ್ಲ. ಕುಡುಗೋಲಿನ ಹಲ್ಲನ್ನು ಕಂಬಾರ ಬಲಗೈಗೆಂದೇ ಕಡಿಯುತ್ತಾನೆ. ಆದರೆ ಮೊದಲೇ ಹೇಳಿಟ್ಟರೆ ಎಡಗೈಗೂ ಕಡಿದುಕೊಡುತ್ತಾನೆ. ಕೋವಿಯಲ್ಲಿ ಹಾಗೆ ಹೇಳಿ ಮಾಡಿಸಿಕೊಳ್ಳುವ ದಾರಿ ನಮ್ಮಲ್ಲಿ ಇಲ್ಲವೆನ್ನುವಷ್ಟು ಕಿರಿದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಲ್ಲೂ ಅಂಕೋಲಾ, ಕುಮಟಾ ಕಡೆಯ ಗದ್ದೆಯವರಲ್ಲೂ ಬೆಳೆ ರಕ್ಷಣೆಯ ಪರವಾನಗಿ ಇರುವ ಎಡಚರು ಸಾಕಷ್ಟು ಜನ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಬಲಗೈಯ ಕೋವಿಗೇ ಒಗ್ಗಿಕೊಳ್ಳಬೇಕೋ, ಎಡಗೈಯ ಬೋಲ್ಟ್ ರೈಫಲ್ (ಪಕ್ಕದ ಹಿಡಿಯನ್ನು ಎಳೆದು ದೂಡಿ ತೋಟಾ ತುಂಬುವಂಥದ್ದು) ಎಂಬುದನ್ನು ಹುಡುಕಬೇಕೋ, ಅಥವಾ ಎಡ-ಬಲದ ತಕರಾರೇ ಇಲ್ಲದ ಕೋವಿ ಏನಾದರೂ ಇದೆಯೋ?

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಇದು ಬೇಟೆಯ ಕೋವಿಯ ಲೇಖನವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ದಾರಿ ಮುಚ್ಚಿದೆ. 2022ರ ತಿದ್ದುಪಡಿಯ ನಂತರ ಕಾಡುಕೋಣ, ನವಿಲು, ಅಷ್ಟೇ ಅಲ್ಲ, ತೋಟ ಹಾಳುಮಾಡುವ ಕೆಂಪು ಮೂತಿಯ ಮಂಗವೂ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೆಯ ಪರಿಶಿಷ್ಟದಲ್ಲಿವೆ. ಕಾಡುಹಂದಿ ಎರಡನೆಯದರಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಬೇಕಾದರೂ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯಲು ಪರವಾನಗಿ ಸಿಕ್ಕಿತು ಎಂದಲ್ಲ. ಹಾಗಾಗಿ ಇಲ್ಲಿಯ ಕೋವಿ ಸದ್ದು ಮಾಡಿ ಓಡಿಸುವುದೇ ಹೆಚ್ಚು. ಯಾವುದನ್ನು ಕೊಳ್ಳಬೇಕು ಎಂಬ ಲೆಕ್ಕ ಅರ್ಧಕ್ಕರ್ಧ ಇಲ್ಲಿಯೇ ಬದಲಾಗುತ್ತದೆ.

ಕೈಗಿಂತ ಮೊದಲು ಕಣ್ಣು

ಎಡಚರೆಲ್ಲ ಎಡ ಹೆಗಲಿಗೇ ಕೋವಿ ಏರಿಸಬೇಕು ಎಂದೇನಿಲ್ಲ. ಗುರಿಯನ್ನು ತೀರ್ಮಾನಿಸುವುದು ಕೈಯಲ್ಲ, ಕಣ್ಣು. ಎರಡೂ ತೋಳು ಮುಂದಕ್ಕೆ ಚಾಚಿ, ಅಂಗೈಗಳನ್ನು ಒಂದರ ಮೇಲೊಂದು ತಂದು, ಹೆಬ್ಬೆರಳುಗಳ ನಡುವೆ ಎಂಟಾಣೆಯಷ್ಟು ಕಿಂಡಿ ಬಿಡಿ. ಎರಡೂ ಕಣ್ಣು ತೆರೆದು ಅಂಗಳದಾಚೆಯ ತೆಂಗಿನ ಮರದ ಒಂದು ಕಾಯಿಯನ್ನು ಆ ಕಿಂಡಿಯಲ್ಲಿ ಹಿಡಿಯಿರಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿರುವಾಗ ಕಾಯಿ ಕಿಂಡಿಯಲ್ಲೇ ಉಳಿಯುತ್ತದೋ ಅದು ನಿಮ್ಮ ಯಜಮಾನ ಕಣ್ಣು. ಒಂದೇ ಸಲಕ್ಕೆ ನಂಬದೆ ನಾಲ್ಕಾರು ಸಲ ಮಾಡಿ ನೋಡಿ.

ಎಡಗೈ, ಎಡಗಣ್ಣು ಎರಡೂ ಕೂಡಿಬಂದರೆ ಮುಂದಿನದೆಲ್ಲ ನಿಮಗಾಗಿಯೇ. ಎಡಗೈ ಇದ್ದು ಬಲಗಣ್ಣು ಯಜಮಾನನಾದರೆ, ಹೊಸದಾಗಿ ಕಲಿಯುವವರಿಗೆ ಬಲ ಹೆಗಲಲ್ಲೇ ಕಲಿಯುವುದು ಸುಲಭ. ನೆರೆಮನೆಯವರ ಯಾವ ಕೋವಿಯಾದರೂ ಹೊಂದುತ್ತದೆ, ಎಡಗೈಯ ಹುಡುಕಾಟದ ಗೋಜೇ ಇಲ್ಲ. ಇಪ್ಪತ್ತು ವರ್ಷ ಎಡ ಹೆಗಲಿಗೆ ಒಗ್ಗಿದವರು ಬದಲಿಸಬೇಕಾಗಿಲ್ಲ. ಬಲಗಣ್ಣು ಅರೆಮುಚ್ಚಿದರೆ ಕೆಲಸ ನಡೆಯುತ್ತದೆ.

ಪರವಾನಗಿಯೇ ಅರ್ಧ ಆಯ್ಕೆ ಮುಗಿಸುತ್ತದೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯಂಥದ್ದನ್ನು. ಅದು ಸಾಲದು ಎಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರಿಲ್ಲದ ನುಣುಪು ನಳಿಗೆಯ ಕೋವಿಗೆ, ಅಂದರೆ 12 ಬೋರಿನಂಥದ್ದಕ್ಕೆ, ಕೊಡಬಹುದು. ಒಳಗೆ ತಿರುಚು ಗೀರಿರುವ ರೈಫಲ್ ಈ ಸಾಲಿನಲ್ಲಿ ಬರುವುದಿಲ್ಲ. ಅದಕ್ಕೆ ಬೇರೆಯೇ ಬಲವಾದ ಕಾರಣ ತೋರಿಸಬೇಕು. ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ದೇವಿಮನೆ ಘಟ್ಟ ಇಳಿದು ಅಲೆಯುವ ಮೊದಲು ಇದನ್ನು ತಿಳಿದಿರಬೇಕು. ‘ಬೆಳೆ ರಕ್ಷಣೆಗೆ ಬೋಲ್ಟ್ ರೈಫಲ್’ ಎಂದು ಅರ್ಜಿ ಬರೆದರೆ ಅದು ಮೇಜಿನಿಂದ ಮೇಜಿಗೆ ಓಡಾಡುವುದೇ ಜಾಸ್ತಿ.

ಇನ್ನೊಂದು ಸಂಗತಿ ಜೊಯಿಡಾ, ದಾಂಡೇಲಿ, ಮುಂಡಗೋಡ ಕಡೆಯವರಿಗೆ. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಇರುವವರಿಗೆ ಹೊಸ ಪರವಾನಗಿ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಒಪ್ಪಿಗೆ ಬೇಕು. ಇರುವ ಕೋವಿಯನ್ನೂ ಅರಣ್ಯ ಇಲಾಖೆಯಲ್ಲಿ ದಾಖಲಿಸಬೇಕು. ಸೊಪ್ಪಿನ ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಗುಡಿಸುವ ಹಕ್ಕು ನಿಮ್ಮದಿರಬಹುದು, ಆದರೆ ಅದು ನಿಮ್ಮ ಮಾಲ್ಕಿ ಜಾಗವಲ್ಲ. ಕೋವಿ ಹೆಗಲಿಗೇರಿಸಿ ಬೆಟ್ಟ ಹತ್ತಿದರೆ ‘ತೋಟ ಕಾಯುತ್ತಿದ್ದೆ’ ಎಂಬ ಮಾತು ನಿಲ್ಲುವುದು ಕಷ್ಟ.

2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ಪರವಾನಗಿ ಐದು ವರ್ಷಕ್ಕೊಮ್ಮೆ ನವೀಕರಣ. ಅಜ್ಜನ ಕಾಲದ ಒಂದು ಈಗಾಗಲೇ ಮನೆಯಲ್ಲಿದ್ದು ನಿಮ್ಮ ಹೆಸರಿಗೆ ಬಂದಿದ್ದರೆ ಉಳಿದಿರುವುದು ಒಂದೇ ಜಾಗ. ಆ ಒಂದನ್ನು ಯೋಚಿಸಿ ತುಂಬಿ.

ಕೋವಿಯಲ್ಲಿ ಎಡ-ಬಲ ಎಲ್ಲೆಲ್ಲಿ ಇದೆ

ಎಡ ಹೆಗಲಿಗೆ ಕೋವಿ ಏರಿಸಿದಾಗ ಮುಖ ಕೋವಿಯ ಬಲಮಗ್ಗುಲಿಗೆ ಬರುತ್ತದೆ. ಬಲಗೈಯವರಿಗಾಗಿ ಮಾಡಿದ ಕೋವಿಯಲ್ಲಿ ಬೋಲ್ಟಿನ ಹಿಡಿ, ತೋಟಾ ಹೊರಬೀಳುವ ಕಿಂಡಿ, ಕೇಪು (ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ತಾಮ್ರದ ಪುಟ್ಟ ಟೊಪ್ಪಿ) ಕೂರುವ ಮೊಲೆ ಎಲ್ಲವೂ ಅದೇ ಬಲಮಗ್ಗುಲಲ್ಲಿವೆ. ಬಲಗೈಯವನ ಮುಖದಿಂದ ದೂರ ಹೋಗಲೆಂದು ಮಾಡಿದ ಬೆಂಕಿ, ಹೊಗೆ, ಕಿಡಿ ಎಲ್ಲ ಎಡಚನ ಕಡೆಗೇ ಬರುತ್ತವೆ. ತೋಟಾ ಸರಿಯಿದ್ದರೆ ತೊಂದರೆ ಬರೀ ಕಿರಿಕಿರಿಯದು. ತೋಟಾದ ತಳ ಸೀಳಿತೋ, ಆಗ ಕಣ್ಣಿಗೇ ಬರುತ್ತದೆ. ಆದ್ದರಿಂದ ಬೆಲೆ, ಮಾದರಿ ಯಾವುದೇ ಇರಲಿ, ಎಡಚರು ಬಲಗೈಯ ಕೋವಿಯನ್ನು ಕನ್ನಡಕವಿಲ್ಲದೆ ಹೊಡೆಯಬಾರದು. ಗಟ್ಟಿ ಪ್ಲಾಸ್ಟಿಕ್ಕಿನ, ಪಕ್ಕವೂ ಮುಚ್ಚುವ ಕನ್ನಡಕ ಸಾಕು.

ಕಣ್ಣಿಗೆ ಕಾಣದ ಇನ್ನೊಂದು ಎಡ-ಬಲ ಹಿಂಬದಿಯ ಮರದಲ್ಲಿ, ಅಂದರೆ ಹೆಗಲಿಗೆ ಒರಗಿಸುವ ಬಟ್ಟಿನಲ್ಲಿ ಇದೆ. ಅದರ ಮಾತು ಮುಂದೆ ಬರುತ್ತದೆ. ಹೆಚ್ಚಿನವರು ಮೋಸ ಹೋಗುವುದು ಅಲ್ಲಿಯೇ.

ಕೇಪಿನ ಕೋವಿ

ಎಲ್ಲಕ್ಕಿಂತ ಅಗ್ಗ, ಪರವಾನಗಿಗೂ ಹಗುರ. ಮಂಗ ಓಡಿಸಲು ಚರೆ (ಸೀಸದ ಸಣ್ಣ ಗುಂಡು) ಇಲ್ಲದ ಬರಿ ಮದ್ದಿನ ಈಡು ಸಾಕು, ತೋಟಾದ ಖರ್ಚಿಲ್ಲ. ತುಂಬುವುದರಲ್ಲಿ ಎಡ-ಬಲವೆಂಬುದಿಲ್ಲ. ತೊಂದರೆ ಒಂದೇ: ಒಂಟಿ ನಳಿಗೆಯ ಕೇಪಿನ ಕೋವಿಗಳಲ್ಲಿ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಕೇಪು ಎರಡೂ ಬಲಕ್ಕೇ ಇರುತ್ತವೆ. ಕೇಪು ಸಿಡಿದಾಗ ಅದರ ತಾಮ್ರದ ಚೂರು ಮೇಲಕ್ಕೂ ಪಕ್ಕಕ್ಕೂ ಹಾರುತ್ತದೆ. ಎಡಚನ ಕಣ್ಣು ಅಲ್ಲಿಂದ ಒಂದು ಗೇಣಿನ ಆಸುಪಾಸಿನಲ್ಲಿರುತ್ತದೆ. ಮೊಲೆಯ ರಂಧ್ರ ಸವೆದು ಅಗಲವಾಗಿದ್ದರಂತೂ ಒಳಗಿನ ಬೆಂಕಿಯೂ ಹಿಂದಕ್ಕೆ ಉಗುಳುತ್ತದೆ. ಹಳೆಯ ಕೋವಿ ಕೊಳ್ಳುವಾಗ ಈ ಮೊಲೆಯನ್ನು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿ, ಸವೆದಿದ್ದರೆ ಹೊಸದು ಹಾಕಿಸಿ.

ಇದರಲ್ಲಿ ಆಗುವ ದೊಡ್ಡ ತಪ್ಪಿಗೆ ಎಡಗೈ ಕಾರಣವಲ್ಲ, ಮರೆವು ಕಾರಣ. ತುಂಬಿದ್ದು ನೆನಪಿಲ್ಲದೆ ಮೇಲಿಂದ ಇನ್ನೊಂದು ಈಡು ತುಂಬುವುದು. ಖಾಲಿ ನಳಿಗೆಗೆ ಗಜ (ಮದ್ದು ಜಡಿಯುವ ಸಲಾಕೆ) ಇಳಿಸಿ ಬಾಯಿಯ ಮಟ್ಟದಲ್ಲಿ ಗಜದ ಮೇಲೊಂದು ಗೆರೆ ಕೊರೆದಿಡಿ. ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯ ಬಾಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ಮಳೆಗಾಲದಲ್ಲಿ ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಒಂಟಿ ನಳಿಗೆಯ 12 ಬೋರ್

ನಡು ಮುರಿದು ತೋಟಾ ಹಾಕುವ ಒಂಟಿ ನಳಿಗೆ ಎಡಚರಿಗೆ ಹೇಳಿ ಮಾಡಿಸಿದಂಥದ್ದು. ತೋಟಾ ಪಕ್ಕಕ್ಕೆ ಹಾರುವುದಿಲ್ಲ, ಹಿಂದಕ್ಕೆ ಬರುತ್ತದೆ. ಬೋಲ್ಟ್ ಇಲ್ಲ. ಕುದುರೆ ನಡುವೆಯೇ ಇದೆ. ಎಡ-ಬಲ ಉಳಿಯುವುದು ನಳಿಗೆ ಬಿಡಿಸುವ ಸನ್ನೆಯಲ್ಲಿ ಮಾತ್ರ. ಮೇಲಿನ ಸನ್ನೆ ಬಲಕ್ಕೆ ತಿರುಗುವಂಥದು. ಬಲ ಹೆಬ್ಬೆರಳು ಅದನ್ನು ಸಲೀಸಾಗಿ ದೂಡುತ್ತದೆ, ಎಡ ಹೆಬ್ಬೆರಳು ಕೊಕ್ಕೆಯಂತೆ ಮಡಿಸಿ ಎಳೆಯಬೇಕಾಗುತ್ತದೆ. ಹೊಸ ಕೋವಿಯ ಸನ್ನೆ ಬಿಗಿಯಿದ್ದರೆ ಹೆಬ್ಬೆರಳಿನ ಉಗುರು ನೊಂದುಹೋಗುತ್ತದೆ. ಬಟ್ಟನ್ನು ಎಡ ಕಂಕುಳಲ್ಲಿ ಅವುಚಿ, ಎಡಗೈಯಿಂದ ಸನ್ನೆ ಎಳೆದು, ಬಲಗೈಯಿಂದ ನಳಿಗೆ ಕೆಳಕ್ಕೆ ಒತ್ತುವುದು ಅಭ್ಯಾಸವಾದರೆ ಅದರ ತಕರಾರು ಮುಗಿಯಿತು. ಟ್ರಿಗರಿನ ಕಾವಲಿನ ಮುಂದೆ ಕೆಳಗಡೆ ಒತ್ತುವ ಸನ್ನೆಯ ಮಾದರಿಗಳೂ ಇವೆ. ಸಿಕ್ಕಿದರೆ ಎರಡನೇ ಯೋಚನೆ ಬೇಡ.

ಮುಂಗೇರ್ ಮತ್ತು ಜಮ್ಮುವಿನ ಖಾಸಗಿ ಕಾರ್ಖಾನೆಗಳ ಕೋವಿಗಳೇ ನಮ್ಮಲ್ಲಿ ಹೆಚ್ಚು. ಒಂದೇ ಹೆಸರಿನ ಎರಡು ಕೋವಿ ಒಂದೇ ಥರ ಇರುವುದಿಲ್ಲ, ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಕೈಯಲ್ಲಿ ಹಿಡಿದು ನೋಡಿ. ಮುಂದಿನ ಮರ ಕಳಚಿ, ನಳಿಗೆ ಮುಚ್ಚಿ, ಬಟ್ಟಿನ ಕತ್ತು ಹಿಡಿದು ಅಲುಗಿಸಿ. ನಳಿಗೆ ಬುಡದಲ್ಲಿ ಕಟಕಟ ಅಂದರೆ ಬಿಟ್ಟುಬಿಡಿ. ಖಾಲಿ ಕೋವಿಯ ಕುದುರೆ ಪೂರ್ತಿ ಎಳೆದು, ಟ್ರಿಗರ್ ಮುಟ್ಟದೆ ಬಟ್ಟಿನ ತಳವನ್ನು ರಬ್ಬರ್ ಚಾಪೆಯ ಮೇಲೆ ಮೆಲ್ಲಗೆ ಕುಟ್ಟಿ. ಕುದುರೆ ತಾನಾಗಿ ಬಿದ್ದರೆ ಅದು ಮನೆಯಲ್ಲಿ ಇಡುವ ವಸ್ತುವೇ ಅಲ್ಲ.

ಜೋಡಿ ನಳಿಗೆ

ಎರಡನೇ ಈಡು ಕೂಡಲೇ ಸಿಗುವುದು ಇದರ ಗುಣ. ಹಂದಿ ಕಾಯಲು ಮಾಳದಲ್ಲಿ (ಕಾವಲಿನ ಅಟ್ಟಣೆಯಲ್ಲಿ) ಕೂತವರಿಗೆ ಇದರ ಬೆಲೆ ಗೊತ್ತು: ಒಂದರಲ್ಲಿ ಸದ್ದಿನ ಈಡು, ಇನ್ನೊಂದು ಹಂದಿ ತಿರುಗಿಬಿದ್ದರೆ ಎಂದು. ಎಡಚರಿಗೆ ಇದರಲ್ಲೂ ಬೋಲ್ಟಿನ ಕಾಟವಿಲ್ಲ. ಸುರಕ್ಷಾ ಗುಂಡಿ ಕತ್ತಿನ ಮೇಲೆ ನಡುವೆ ಜಾರುವಂಥದ್ದಾಗಿರುವುದರಿಂದ ಯಾವ ಹೆಬ್ಬೆರಳಿಗೂ ಸರಿ.

ಸಣ್ಣ ಕಾಟ ಎರಡಿವೆ. ಎರಡು ಟ್ರಿಗರಿನ ಕೋವಿಯಲ್ಲಿ ಮುಂದಿನ ಟ್ರಿಗರನ್ನು ಬಲ ಬೆರಳಿಗೆ ಒಗ್ಗುವಂತೆ ತುಸು ಬಲಕ್ಕೆ ಹೊರಳಿಸಿರುತ್ತಾರೆ. ಎಡ ಬೆರಳಿಗೆ ಅದರ ಅಂಚು ಕಚ್ಚುತ್ತದೆ. ಹಿಂದಿನ ಟ್ರಿಗರ್ ಎಳೆಯುವಾಗ ಕೈಯನ್ನು ಒಂದು ಬೆರಳಗಲ ಹಿಂದೆ ಸರಿಸದಿದ್ದರೆ, ಕೋವಿ ಒದ್ದಾಗ ಮುಂದಿನ ಟ್ರಿಗರ್ ಬಂದು ಬೆರಳಿಗೇ ಬಡಿಯುತ್ತದೆ. ಪರವಾನಗಿ ಇರುವ ರಿಪೇರಿಯವರು ಟ್ರಿಗರನ್ನು ಎಡಕ್ಕೆ ಹೊರಳಿಸಿ ಅಂಚು ನುಣುಪು ಮಾಡಿಕೊಡುತ್ತಾರೆ. ಒಂದು ಮಧ್ಯಾಹ್ನದ ಕೆಲಸ.

ಹಳೆಯ ಇಂಗ್ಲಿಷ್ ಜೋಡಿ ನಳಿಗೆಗಳ ಮೋಹ ಘಟ್ಟದ ಮೇಲಿನ ಮನೆಗಳಲ್ಲಿ ಇನ್ನೂ ಇದೆ. ವೆಬ್ಲಿ, ಗ್ರೀನರ್ ಎಂದರೆ ಕಣ್ಣು ಅರಳುತ್ತದೆ. ಮಾಡಿದ್ದು ಚೆಂದವೇ, ಆದರೆ ಎರಡು ಸಂಗತಿ ಪರೀಕ್ಷಿಸದೆ ಮುಟ್ಟಬೇಡಿ. ನಳಿಗೆಯ ಮೇಲೆ ಹಾವಿನ ಮೈಯಂತೆ ಸುರುಳಿ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ-ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ. ಕರಿಮದ್ದಿನ ಕಾಲದ್ದು, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾಕ್ಕಲ್ಲ. ಎರಡನೆಯದು ತೋಟಾ ಕೂರುವ ಮನೆಯ ಉದ್ದ. ಹಳೆಯವು ಹಲವು 65 ಮಿ.ಮೀ.ನವು. ಅದಕ್ಕೆ 70 ಮಿ.ಮೀ. ತೋಟಾ ಹಾಕಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಮೋಸವಿರುವುದು ಅಲ್ಲಿಯೇ. ಮಡಿಸಿದ ಬಾಯಿ ಹೊಡೆದಾಗ ಬಿಚ್ಚಿಕೊಂಡು ನಳಿಗೆಯ ಕಿರಿದಾಗುವ ಭಾಗಕ್ಕೆ ಚಾಚುತ್ತದೆ, ಒಳಗಿನ ಒತ್ತಡ ಏರುತ್ತದೆ. ತೋಟಾದ ಉದ್ದ ಎಂದರೆ ಹೊಡೆದ ಮೇಲಿನ ಉದ್ದ, ಹೊಡೆಯದ ತೋಟಾವನ್ನು ಅಳೆದಾಗ ಸಿಗುವ ಉದ್ದವಲ್ಲ. ನಳಿಗೆ ಜೋಡಿಯನ್ನು ಕಳಚಿ ಕೊಕ್ಕೆಗೆ ತೂಗುಹಾಕಿ ಬೆರಳಲ್ಲಿ ತಟ್ಟಿ ನೋಡಿ. ದೇವಸ್ಥಾನದ ಜಾಗಟೆಯಂತೆ ನಾದ ನಿಂತರೆ ಬೆಸುಗೆ ಗಟ್ಟಿ, ಒಡೆದ ಮಡಿಕೆಯಂತೆ ಕೇಳಿಸಿದರೆ ನಡುವಿನ ಪಟ್ಟಿ ಸಡಿಲ.

ಪಂಪ್ ಆಕ್ಷನ್

ಮುಂದಿನ ಮರವನ್ನು ಹಿಂದೆ-ಮುಂದೆ ಜಾರಿಸಿ ತೋಟಾ ತುಂಬುವ ಕೋವಿ ಇದು. ಪೇಟೆಯ ಕಾವಲಿಗೆ ಇರಲಿ, ಎಡಚ ತೋಟಿಗನಿಗೆ ಇದರಿಂದ ಲಾಭ ಕಡಿಮೆ. ಖಾಲಿ ತೋಟಾ ಬಲಕ್ಕೆ ಹಾರಿ ಕಣ್ಣೆದುರೇ ಹಾದುಹೋಗುತ್ತದೆ. ಅಡ್ಡ ದೂಡುವ ಸುರಕ್ಷಾ ಗುಂಡಿ ಹೆಚ್ಚಿನವುಗಳಲ್ಲಿ ಬಲ ಬೆರಳಿಗೆ ಮಾಡಿದ್ದು. ಮಳೆಯಲ್ಲಿ ಊದಿಕೊಂಡ ತೋಟಾ ಒಳಗೆ ಸಿಕ್ಕಿಬಿದ್ದರೆ ಕತ್ತಲಲ್ಲಿ ಬಿಡಿಸುವುದು ತ್ರಾಸು. ಪಂಪೇ ಬೇಕೆಂದರೆ ಸುರಕ್ಷಾ ಗುಂಡಿ ಮೇಲೆ ನಡುವಿರುವ ಮಾದರಿಯನ್ನು ಹುಡುಕಿ.

.315 ಬೋಲ್ಟ್ ರೈಫಲ್

ನಮ್ಮ ದೇಶದಲ್ಲಿ ಸಾಮಾನ್ಯನಿಗೆ ಹೊಸದಾಗಿ ಸಿಗುವ ದೊಡ್ಡ ಬೋಲ್ಟ್ ರೈಫಲ್ ಎಂದರೆ ಬಂಗಾಳದ ಇಶಾಪುರ ಕಾರ್ಖಾನೆಯ .315. ಅದೇ ಮನೆಯ .30-06 ಕೂಡ ಇದೆ. ಸೈನ್ಯದ .303 ನಾಗರಿಕರಿಗೆ ನಿಷಿದ್ಧ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ಯಂತ್ರಕ್ಕೆ 8 ಮಿ.ಮೀ. ತೋಟಾ ಹೊಂದಿಸಿ ಮಾಡಿದ್ದು .315. ಬೋಲ್ಟ್ ಬಲಕ್ಕೇ ಇದೆ. ಎಡಗೈಗೆಂದು ಮಾಡಿದ್ದು ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗೆಂದು ಎಡಚರಿಗೆ ಇದು ಪೂರ್ತಿ ನಿಷ್ಪ್ರಯೋಜಕವಲ್ಲ. ಎರಡು ಭಂಗಿ ಬೇರೆಬೇರೆ ಮಾಡಿ ನೋಡಬೇಕು. ನಿಂತು ಹೊಡೆಯುವಾಗ ಎಡಗೈ ಟ್ರಿಗರ್ ಬಿಟ್ಟು, ಕೋವಿಯ ಬೆನ್ನು ದಾಟಿ, ಬಲಮಗ್ಗುಲಿನ ಹಿಡಿಯನ್ನು ಎತ್ತಿ, ಹಿಂದೆಳೆದು, ಮುಂದೆ ದೂಡಿ, ಒತ್ತಬೇಕು. ಈ ಯಂತ್ರದಲ್ಲಿ ಸ್ಪ್ರಿಂಗ್ ಬಿಗಿಯಾಗುವುದು ಬೋಲ್ಟನ್ನು ಮುಂದೆ ದೂಡುವಾಗ. ಅಂದರೆ ಅತಿ ಹೆಚ್ಚು ಬಲ ಬೇಕಾಗುವುದು ಕೈ ಅಡ್ಡಡ್ಡ ತಿರುಚಿಕೊಂಡಿರುವ ಹೊತ್ತಿನಲ್ಲೇ. ಅರೆಬರೆ ದೂಡಿದರೆ ತೋಟಾ ಅರ್ಧ ಒಳಗೆ, ಅರ್ಧ ಹೊರಗೆ. ಕತ್ತಲಲ್ಲಿ ಗಡಿಬಿಡಿಯಾಗುವುದು ಇಲ್ಲಿಯೇ.

ಮಾಳದ ಅಡ್ಡಗಳದ (ಅಡ್ಡ ಕಟ್ಟಿದ ಗಳದ) ಮೇಲೆ ಅಥವಾ ಮರಳಿನ ಚೀಲದ ಮೇಲೆ ಇಟ್ಟು ಹೊಡೆಯುವಾಗ ಲೆಕ್ಕ ತಲೆಕೆಳಗಾಗುತ್ತದೆ. ಭಾರವನ್ನು ಅಡ್ಡಗಳ ಹೊರುತ್ತದೆ, ಬಲಗೈ ಬಿಡುವಾಗಿರುತ್ತದೆ. ಬಲಗೈಯೇ ಬೋಲ್ಟ್ ಆಡಿಸುತ್ತದೆ, ಎಡಗೈ ಟ್ರಿಗರಿನಿಂದ ಕದಲುವುದೇ ಇಲ್ಲ. ಈ ಭಂಗಿಯಲ್ಲಿ ಎಡಚನಿಗೆ ಬಲಗೈಯ ಬೋಲ್ಟ್ ಬಲಗೈಯವನಿಗಿಂತ ಅನುಕೂಲ. ಇನ್ನೊಂದು ಅದೃಷ್ಟ: ಇದರ ಸುರಕ್ಷಾ ಕೀಲಿ ಎಡಮಗ್ಗುಲಲ್ಲಿದೆ. ಎಡ ಹೆಬ್ಬೆರಳನ್ನು ಕತ್ತಿನ ಮೇಲಿಂದ ಬಳಸದೆ ಎಡಕ್ಕೇ ಇಟ್ಟುಕೊಂಡರೆ ಕೀಲಿ ಬೆರಳಿಗೇ ಸಿಗುತ್ತದೆ.

ತೋಟಾ ತುಂಬುವಾಗ ಒಂದು ಎಚ್ಚರ. .315 ತೋಟಾದ ಬುಡಕ್ಕೆ ಅಂಚಿದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಬೋಲ್ಟ್ ಮುಂದೆ ದೂಡಿದಾಗ ಒಂದಕ್ಕೊಂದು ಸಿಕ್ಕಿ ನಿಲ್ಲುತ್ತದೆ. ‘ಕಾರ್ಖಾನೆಯ ದೋಷ’ ಎಂದು ಬೈಯುವ ಜಾಮಿನಲ್ಲಿ ಅರ್ಧ ಇದೇ.

ಇಷ್ಟಾದರೂ ಕರಾವಳಿಯ ಊರುಗಳಿಗೆ ನಾನು .315 ಹೇಳುವುದಿಲ್ಲ. ಅದರ ಗುಂಡು ಎರಡು ಕಿಲೋಮೀಟರಿಗೂ ಆಚೆ ಹೋಗಬಲ್ಲದು. .22ರ ಪುಟ್ಟ ಗುಂಡೂ ಒಂದು ಕಿಲೋಮೀಟರ್ ದಾಟುತ್ತದೆ. ಕುಮಟಾ, ಹೊನ್ನಾವರದಲ್ಲಿ ತೆಂಗಿನ ತೋಟದ ನಡುನಡುವೆ ಮನೆ, ಮನೆಯ ಹಿಂದೆ ದಾರಿ, ದಾರಿಯಾಚೆ ಶಾಲೆ. ಹಿಂದೆ ಮೆತ್ತನೆ ಮಣ್ಣಿನ ಗುಡ್ಡ ಇಲ್ಲದ ಕಡೆ ರೈಫಲ್ ಎತ್ತಲೇಬಾರದು. ಚಿರೆಕಲ್ಲಿನ ಧರೆ ಗುಂಡನ್ನು ತಡೆಯುತ್ತದೆಂದು ನಂಬಬೇಡಿ, ಓರೆಯಾಗಿ ತಾಗಿದರೆ ಚಿಮ್ಮಿಸುತ್ತದೆ. 12 ಬೋರಿನ ಚರೆಯ ಕೆಲಸ 30-35 ಮೀಟರಿನೊಳಗೆ. ಒಂದು ಎಕರೆ ತೋಟಕ್ಕೆ ಅದೇ ಹೆಚ್ಚು.

ನಿಜವಾದ ಎಡಗೈ ಬೋಲ್ಟಿನ ಮಾತೂ ಆಗಿಹೋಗಲಿ. ಸ್ಯಾವೇಜ್ 110, ರೆಮಿಂಗ್ಟನ್ 700, ಫಿನ್ಲೆಂಡಿನ ಟಿಕ್ಕಾ ಟಿ3ಎಕ್ಸ್, ಜರ್ಮನಿಯ ಬ್ಲೇಸರ್ ಆರ್8 ಇವೆಲ್ಲ ಎಡಗೈ ಮಾದರಿಯಲ್ಲಿ ಬಂದಿವೆ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಎಡಚ ಕನ್ನಡಿಗರು ಅವನ್ನೇ ನೋಡಲಿ. ಕಡಿಮೆ ಖರ್ಚಿಗೆ ಸ್ಯಾವೇಜ್, ಬೋಲ್ಟಿನ ನುಣುಪಿಗೆ ಟಿಕ್ಕಾ. ನಮ್ಮಲ್ಲಿ ಖಾಸಗಿಯವರು ಕೋವಿ ತರಿಸಿಕೊಳ್ಳುವ ದಾರಿ 1980ರ ದಶಕದ ನಡುವಿನಿಂದ ಮುಚ್ಚಿದಂತೆಯೇ. ಹೆಸರಾಂತ ಶೂಟರುಗಳಿಗೆ ವಿನಾಯಿತಿ ಇದೆ. ಅದಕ್ಕೂ ಮೊದಲು ಬಂದವು ಕೈಯಿಂದ ಕೈಗೆ ದಾಟುತ್ತಿವೆ, ಬೆಲೆಗೆ ಲಗಾಮಿಲ್ಲ, ಅವುಗಳಲ್ಲಿ ಎಡಗೈಯದು ಸಿಕ್ಕರೆ ಅದೃಷ್ಟ. ಅದಕ್ಕಾಗಿ ಎರಡು ಮಳೆಗಾಲ ಕಳೆಯುವುದರಲ್ಲಿ ಹುರುಳಿಲ್ಲ.

ಬಟ್ಟಿನ ಓರೆ: ನೂಲು ಹಿಡಿದು ನೋಡಿ

ಬಲಗೈಯವರ ಒಳ್ಳೆಯ ಕೋವಿಯಲ್ಲಿ ಬಟ್ಟನ್ನು ಬೇಕೆಂದೇ 3ರಿಂದ 6 ಮಿ.ಮೀ. ಬಲಕ್ಕೆ ಓರೆ ಮಾಡಿರುತ್ತಾರೆ, ಕೆನ್ನೆಯಿಟ್ಟಾಗ ಬಲಗಣ್ಣು ನಳಿಗೆಯ ನಡುಗೆರೆಗೆ ಬರಲೆಂದು. ಅದನ್ನೇ ಎಡಚ ಹೆಗಲಿಗಿಟ್ಟರೆ ಎಡಗಣ್ಣು ನಡುಗೆರೆಯಿಂದ ಬಲಕ್ಕೆ ಜಾರುತ್ತದೆ. ಕಣ್ಣಿಂದ ನಳಿಗೆಯ ತುದಿಯ ಗುರಿಮಣಿಗೆ ಹೆಚ್ಚುಕಡಿಮೆ ಒಂದು ಮೀಟರ್. ಕಣ್ಣು 3 ಮಿ.ಮೀ. ಸರಿದರೆ 30 ಮೀಟರಿನಲ್ಲಿ ಈಡು ಸುಮಾರು 9 ಸೆಂ.ಮೀ. ಬಲಕ್ಕೆ ಬೀಳುತ್ತದೆ. 6 ಮಿ.ಮೀ. ಆದರೆ ಒಂದು ಗೇಣಿನ ಹತ್ತಿರ. ‘ಈ ಕೋವಿ ಬಲಕ್ಕೆ ಎಳೆಯುತ್ತದೆ’ ಎಂದು ಎಡಚರು ಮಾರಿಬಿಡುವ ಕೋವಿಗಳಲ್ಲಿ ನಳಿಗೆ ನೇರವೇ ಇರುತ್ತದೆ. ಹಿಂದೆ-ಮುಂದೆ ಎರಡು ಗುರಿಕಟ್ಟು ಇರುವ ರೈಫಲಿನಲ್ಲಿ ಈ ದೋಷ ಕಾಡುವುದಿಲ್ಲ, ಮಣಿಯೊಂದೇ ಇರುವ 12 ಬೋರಿನಲ್ಲಿ ಕಾಡುತ್ತದೆ.

ಖಾಲಿ ಕೋವಿಯ ಮಣಿಗೆ ಗಟ್ಟಿ ನೂಲು ಕಟ್ಟಿ, ನಳಿಗೆಯ ನಡುಗೆರೆಯ ಮೇಲೆ ಎಳೆದು, ಆಚಾರಿ ಸೂತ್ರ ಹಿಡಿಯುವಂತೆ ಬಟ್ಟಿನ ಹಿಮ್ಮಡಿಯವರೆಗೆ ತನ್ನಿ. ಹಿಂದಿನಿಂದ ನೋಡಿದಾಗ ಬಟ್ಟಿನ ನಡುವು ನೂಲಿನ ಬಲಕ್ಕಿದ್ದರೆ ಬಲಗೈಯದು, ನೂಲಿನ ಕೆಳಗೇ ಇದ್ದರೆ ನೇರ, ಎಡಕ್ಕಿದ್ದರೆ ನಿಮ್ಮ ಭಾಗ್ಯ. ಎಡಚರಿಗೆ ನೇರ ಬಟ್ಟು ಸಾಕು. ಅಗ್ಗದ ಮುಂಗೇರಿ ಕೋವಿಗಳಲ್ಲಿ ಓರೆ ಮಾಡುವ ಶ್ರಮ ತೆಗೆದುಕೊಂಡಿರುವುದು ಕಡಿಮೆ, ಅದೇ ನಮಗೆ ಲಾಭ. ಎಡಗಡೆ ಕೆನ್ನೆಗೆಂದು ಉಬ್ಬು ಬಿಟ್ಟ ಬಟ್ಟು ಮಾತ್ರ ಬೇಡ, ನಿಮ್ಮ ಕೆನ್ನೆ ಬಲಗಡೆ ಇರುತ್ತದೆ. ಉದ್ದವನ್ನೂ ಅಳೆಯಿರಿ: ಟ್ರಿಗರಿನಿಂದ ಬಟ್ಟಿನ ತಳದ ನಡುವಿಗೆ ಹದಿಮೂರೂವರೆಯಿಂದ ಹದಿನಾಲ್ಕೂವರೆ ಇಂಚು ಹೆಚ್ಚಿನವರಿಗೆ ಸರಿಹೊಂದುತ್ತದೆ.

ಓರೆ ತಿದ್ದಿಸಬಹುದು. ಕತ್ತಿನ ಭಾಗಕ್ಕೆ ಬಿಸಿ ಅಗಸೆ ಎಣ್ಣೆ ಹೊಯ್ದು ನಿಧಾನ ಬಗ್ಗಿಸುವ ರಿಪೇರಿಯವರಿದ್ದಾರೆ. ಮರದಲ್ಲಿ ಗಂಟಿದ್ದರೆ ಸೀಳುವ ಭಯವಿದೆ. ಉದ್ದ ಬೋಲ್ಟಿನಿಂದ ಬಿಗಿದ ಬಟ್ಟಾದರೆ ನಡುವೆ ತೆಳು ತಗಡಿನ ಬೆಣೆ ಕೊಟ್ಟರೆ ಆಗುತ್ತದೆ. ಊರಿನ ಆಚಾರಿಯಿಂದ ಮಾಡಿಸುವುದಾದರೆ ಮರವನ್ನಷ್ಟೇ ಬಿಚ್ಚಿ ಕೊಡಿ, ಕೋವಿಯನ್ನೇ ಬಿಟ್ಟುಬರಬೇಡಿ. ಪರವಾನಗಿ ಇಲ್ಲದವರ ಕೈಗೆ ಕೋವಿ ಕೊಡುವುದು ಇಬ್ಬರಿಗೂ ಕೇಸು. ಮರ ಎಷ್ಟು ಬೇಕಾದರೂ ಕೆತ್ತಿಸಬಹುದು, ನಳಿಗೆ ಒಂದಂಗುಲ ಕತ್ತರಿಸುವುದೂ ಅಪರಾಧ.

ಮಳೆ, ಉಪ್ಪುಗಾಳಿ, ಚುನಾವಣೆ

ಕಾರವಾರ, ಅಂಕೋಲಾದಲ್ಲಿ ಉಪ್ಪುಗಾಳಿ, ಘಟ್ಟದ ಮೇಲೆ ಮೂರು ತಿಂಗಳು ಬೂಷ್ಟು. ಈ ಲೆಕ್ಕದಲ್ಲೂ ಬಿಚ್ಚಿ ಒರೆಸಲು ಸುಲಭವಾದ ಒಂಟಿ ನಳಿಗೆಯೇ ಮೇಲು. ಪಂಪು ಮತ್ತು ಬೋಲ್ಟಿನ ಸಂದಿಗಳಲ್ಲಿ ನೀರು ಕೂರುತ್ತದೆ. ತೆಂಗಿನೆಣ್ಣೆ ಹಚ್ಚಬೇಡಿ, ಚಳಿಗೆ ಗಟ್ಟಿಯಾಗಿ ಸ್ಪ್ರಿಂಗಿಗೆ ಅಂಟುತ್ತದೆ. ಕೋವಿಯ ಖನಿಜ ಎಣ್ಣೆಯೇ ಬೇಕು, ಅದೂ ತೆಳ್ಳಗೆ. ಕರಿಮದ್ದಿನ ಕೇಪಿನ ಕೋವಿಯನ್ನು ಹೊಡೆದ ದಿನವೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಕೊಡಿ. ಬೆಳಗಾಗುವುದರೊಳಗೆ ತುಕ್ಕಿನ ಮೊದಲ ಕೆಂಪು ಕಾಣಿಸಿಕೊಳ್ಳುತ್ತದೆ. ಕಾಗದದ ಕೊಳವೆಯ ಹಳೆ ತೋಟಾ ಮಳೆಗಾಲದಲ್ಲಿ ಉಬ್ಬಿ ನಳಿಗೆಯಲ್ಲಿ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೊಳವೆಯದನ್ನೇ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆಯೆಂದು ಅಡಿಕೆಯ ಜೊತೆ ಅಲ್ಲಿಡುವವರಿದ್ದಾರೆ. ಅಡಿಕೆಗೆ ಅದು ಸರಿ, ತೋಟಾಕ್ಕಲ್ಲ.

ತೋಟದಲ್ಲಿ ಸತ್ತ ಮಂಗ ಕಂಡರೆ, ಅದು ಹೇಗೇ ಸತ್ತಿರಲಿ, ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ.

ತೋಟ ಸಣ್ಣದು, ಓಡಿಸುವುದಷ್ಟೇ ಕೆಲಸ, ಕೈಯಲ್ಲಿ ಕಾಸೂ ಬಿಗಿ ಎಂದರೆ ಕನ್ನಡಕದ ಜೊತೆ ಕೇಪಿನ ಕೋವಿ. ತುಸು ಹೆಚ್ಚು ಹಾಕಲು ಸಾಧ್ಯವಿದ್ದು, ಮನೆಯ ಬಲಗೈಯವರ ಹೆಸರೂ ಪರವಾನಗಿಯಲ್ಲಿದ್ದು ಅವರೂ ಹಿಡಿಯುವುದಿದ್ದರೆ ನೇರ ಬಟ್ಟಿನ ಒಂಟಿ ನಳಿಗೆ. ಹತ್ತರಲ್ಲಿ ಏಳು ಜನರಿಗೆ ನಾನು ಹೇಳುವುದು ಇದನ್ನೇ. ಗದ್ದೆಯ ಮಾಳದಲ್ಲಿ ರಾತ್ರಿ ಕೂರುವವರಿಗೆ ಜೋಡಿ ನಳಿಗೆ, ಟ್ರಿಗರ್ ತಿದ್ದಿಸಿ, ಬಟ್ಟು ನೋಡಿ. .315 ಏನಿದ್ದರೂ ಹಿಂದೆ ಮಣ್ಣಿನ ಗುಡ್ಡ, ಮುಂದೆ ಗಟ್ಟಿ ಅಡ್ಡಗಳ, ಕೈಯಲ್ಲಿ ರೈಫಲಿಗೆಂದೇ ಸಿಕ್ಕ ಪರವಾನಗಿ ಮೂರೂ ಇರುವವರಿಗೆ.

ಯಾವುದನ್ನೇ ಕೊಂಡರೂ ಚುನಾವಣೆ ಬಂದಾಗ ಹೆಚ್ಚಾಗಿ ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ, ವಾರಗಟ್ಟಲೆ ಅಲ್ಲೇ ಇರುತ್ತದೆ. ಒಪ್ಪಿಸುವ ಹಿಂದಿನ ದಿನ ನಳಿಗೆಯ ಒಳಗೂ ಹೊರಗೂ ಎಂದಿಗಿಂತ ದಪ್ಪ ಎಣ್ಣೆ ಹಚ್ಚಿ, ಬಟ್ಟಿಗೆ ಹೆಸರಿನ ಚೀಟಿ ಕಟ್ಟಿ, ಗುರುತಿನ ಸಂಖ್ಯೆ ಬರೆದ ರಸೀದಿ ಕೇಳಿ ಪಡೆಯಿರಿ. ವಾಪಸು ತಂದ ದಿನ ತೋಟಾ ಹಾಕುವ ಮೊದಲು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ಒಣ ಬಟ್ಟೆ ಹಾಯಿಸಿ. ಒಳಗೆ ಉಳಿದ ದಪ್ಪ ಎಣ್ಣೆಯೂ, ಕಡಜ ಕಟ್ಟಿದ ಮಣ್ಣಿನ ಗೂಡೂ ನಳಿಗೆ ಸಿಡಿಸಬಲ್ಲವು.